ಗಿಡ್ಡ ತೋಟೆ, ಉದ್ದ ತೋಟೆ: ಕೋವಿ ಇರುವ ಮನೆಯವರ ಗಮನಕ್ಕೆ



ನಮ್ಮ ಸಂಘದ ಈ ಪುಟದಲ್ಲಿ ಸಾಮಾನ್ಯವಾಗಿ ಬರುವುದು ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿ, ಕನ್ನಡ ಶಾಲೆಗಳ ಅಧ್ಯಾಪಕ ಹುದ್ದೆಯ ಬಗೆಗಿನ ಮನವಿ, ಸದಸ್ಯತ್ವ ನವೀಕರಣದ ಸೂಚನೆ. ಈ ಸಲದ ವಿಷಯ ಬೇರೆ. ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ, ಕಾರಡ್ಕ ಕಡೆಯ ತೋಟದ ಮನೆಗಳಲ್ಲಿ, ವಯನಾಡಿನಲ್ಲಿ ಮತ್ತು ಕಾಡಂಚಿನ ಇತರ ಊರುಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಂಡವರಿದ್ದಾರೆ. ಎಷ್ಟೋ ಕಡೆ ಅದು ಅಜ್ಜನ ಕಾಲದ ಕೋವಿ. ತೋಟೆ ಮಾತ್ರ ಇಂದಿನದು. ಕೋವಿಯ ವಯಸ್ಸು ಒಂದು, ತೋಟೆಯ ವಯಸ್ಸು ಇನ್ನೊಂದು ಆದಾಗಲೇ ತೊಂದರೆ ಹುಟ್ಟುವುದು.

ಇದರ ಜೊತೆಗೆ ನಮ್ಮವರಿಗೆ ಇನ್ನೊಂದು ತೊಡಕಿದೆ. ತೋಟೆಯ ಡಬ್ಬದ ಮೇಲಿರುವುದು ಇಂಗ್ಲಿಷ್. ಕಚೇರಿಯಿಂದ ಬರುವ ಸೂಚನೆ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಅಂಗಡಿಯವರು ಹೇಳಿದ್ದನ್ನು ನಂಬಿ ನಡೆಯುತ್ತಾರೆ. ಆದುದರಿಂದ ವಿಷಯವನ್ನು ಕನ್ನಡದಲ್ಲೇ ಕ್ರಮವಾಗಿ ಬರೆದಿಡುವುದು ಸಂಘದ ಕೆಲಸವೆಂದು ನಾವು ಭಾವಿಸಿದ್ದೇವೆ.

ಮೊದಲಿಗೆ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಅದೇ ಬೋರಿನ ಗಿಡ್ಡ ತೋಟೆಯನ್ನು ಉದ್ದ ತೋಟೆಯ ಕೋವಿಯಲ್ಲಿ ಹಾರಿಸಬಹುದು, ಆದರೆ ಅಂದೇ ಚೇಂಬರನ್ನು ಉಜ್ಜಿ ಶುಚಿ ಮಾಡಬೇಕು. ಉದ್ದ ತೋಟೆಯನ್ನು ಗಿಡ್ಡ ಚೇಂಬರಿನ ಕೋವಿಯಲ್ಲಿ ಹಾರಿಸಲೇಬಾರದು, ಅದು ಒಳಗೆ ಸಲೀಸಾಗಿ ಕೂತರೂ ಹಾರಿಸಬಾರದು. ಕಾರಣಗಳು ಮುಂದಿವೆ.

ಮೊದಲು ನಾಲ್ಕು ಮಾತು, ಹೆಸರುಗಳ ಬಗ್ಗೆ

ಲೈಸೆನ್ಸ್ ಪುಸ್ತಕದಲ್ಲಿ ಎಸ್.ಬಿ.ಬಿ.ಎಲ್. ಎಂದು ಬರೆದಿದ್ದರೆ ಅದು ಹಿಂದಿನಿಂದ ತೋಟೆ ತುಂಬುವ ಒಂಟಿ ನಳಿಗೆಯ ಕೋವಿ. ಡಿ.ಬಿ.ಬಿ.ಎಲ್. ಎಂದರೆ ಜೋಡು ನಳಿಗೆ. ಎಸ್.ಬಿ.ಎಂ.ಎಲ್. ಎಂದಿದ್ದರೆ ಅದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ತೋಟೆ ಹೋಗಿ ಕೂರುವ ನಳಿಗೆಯ ಹಿಂಭಾಗಕ್ಕೆ ಚೇಂಬರ್ ಎನ್ನುತ್ತಾರೆ. ಚೇಂಬರ್ ನಳಿಗೆಗಿಂತ ತುಸು ಅಗಲ. ಅದು ಮುಗಿದಲ್ಲಿ ಒಳಮೈ ಇಳಿಜಾರಾಗಿ ಕಿರಿದಾಗುತ್ತಾ ನಳಿಗೆಗೆ ಸೇರುತ್ತದೆ. ಈ ಇಳಿಜಾರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

12 ಬೋರ್ ಎಂಬ ಹೆಸರು ಬಂದದ್ದು ತೂಕದ ಲೆಕ್ಕದಿಂದ. ಒಂದು ಪೌಂಡು ಸೀಸದಲ್ಲಿ ಸಮನಾದ 12 ಗುಂಡು ಎರಕ ಹೊಯ್ದರೆ ಒಂದೊಂದು ಗುಂಡಿನ ಅಡ್ಡಳತೆ ಎಷ್ಟೋ ಅಷ್ಟು ಅಗಲದ ನಳಿಗೆ, ಅಂದರೆ ಸುಮಾರು 18.5 ಮಿಲಿಮೀಟರ್. ಹಾಗಾಗಿ 20 ಬೋರಿನ ನಳಿಗೆ 12 ಬೋರಿಗಿಂತ ಸಪೂರ.

ತೋಟೆಯ ಉದ್ದ ಎಂದರೆ ಯಾವ ಉದ್ದ?

ಹಳೆಯ ಇಂಗ್ಲಿಷ್ 12 ಬೋರ್ ಕೋವಿಗಳಲ್ಲಿ ಬಹಳಷ್ಟಕ್ಕೆ ಚೇಂಬರಿನ ಉದ್ದ 2½ ಇಂಚು, ಅಂದರೆ 65 ಮಿ.ಮೀ. ಆಮೇಲೆ ರೂಢಿಗೆ ಬಂದದ್ದು 2¾ ಇಂಚು, ಅಂದರೆ 70 ಮಿ.ಮೀ. ಮ್ಯಾಗ್ನಮ್ ಎನ್ನುವ ಹೆಚ್ಚು ಬಲದ ತೋಟೆಗೆ 3 ಇಂಚು, ಅಂದರೆ 76 ಮಿ.ಮೀ. ಚೇಂಬರ್ ಬೇಕು.

ಡಬ್ಬದ ಮೇಲೆ 70 ಎಂದು ಬರೆದ ತೋಟೆಯನ್ನು ತೆಗೆದು ಸ್ಕೇಲಿಟ್ಟು ಅಳೆದರೆ 70 ಬರುವುದಿಲ್ಲ. 60 ಮಿ.ಮೀ. ಆಸುಪಾಸು ಬರುತ್ತದೆ. ಏಕೆಂದರೆ ಹೊಸ ತೋಟೆಯ ಬಾಯಿಯನ್ನು ಒಳಕ್ಕೆ ಮಡಚಿ ಮುಚ್ಚಿರುತ್ತಾರೆ. ಗುಂಡು ಹಾರಿದಾಗ ಆ ಮಡಿಕೆ ಬಿಚ್ಚಿ ಚಾಚಿಕೊಳ್ಳುತ್ತದೆ. ಡಬ್ಬದಲ್ಲಿ ಬರೆದ ಉದ್ದ ಹೀಗೆ ಬಿಚ್ಚಿದ ಮೇಲಿನ ಉದ್ದ.

ಇದರಿಂದ ಆಗುವ ಅಪಾಯವನ್ನು ಗಮನಿಸಿ. 70 ರ ತೋಟೆ ಮಡಚಿದ ಸ್ಥಿತಿಯಲ್ಲಿ 65 ರ ಚೇಂಬರಿಗೆ ಯಾವ ಅಡ್ಡಿಯೂ ಇಲ್ಲದೆ ಹೋಗುತ್ತದೆ. ಕೋವಿ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಕೈಗೆ ಏನೂ ಗೊತ್ತಾಗುವುದಿಲ್ಲ. ಹಾರಿಸಿದ ಕ್ಷಣ ಬಾಯಿ ಬಿಚ್ಚಿ ಮುಂದಿನ ಇಳಿಜಾರಿಗೆ ಹೋಗಿ ಅಲ್ಲಿ ದಾರಿ ಕಿರಿದು ಮಾಡುತ್ತದೆ. ಚರೆಯೂ ಬೆಣೆಯೂ ಆ ಕಿರಿದಾದ ದಾರಿಯಲ್ಲಿ ನುಗ್ಗಬೇಕು. ಹಿಂದೆ ಮದ್ದು ಉರಿಯುತ್ತಲೇ ಇರುತ್ತದೆ. ಒಳಗಿನ ಒತ್ತಡ ಏರುತ್ತದೆ. ಎಪ್ಪತ್ತು ಎಂಬತ್ತು ವರ್ಷ ಹಳೆಯ ನಳಿಗೆ ಅದನ್ನು ಎಷ್ಟು ಸಲ ತಡೆದೀತು? ಒಮ್ಮೆ ಹಾರಿಸಿ ಏನೂ ಆಗಲಿಲ್ಲವೆಂದರೆ ಕೋವಿ ಸರಿಯಿದೆ ಎಂದು ಅರ್ಥವಲ್ಲ. ಪ್ರತಿ ಸಲವೂ ಕೀಲು ತುಸು ತುಸು ಸಡಿಲವಾಗುತ್ತಾ ಬರುತ್ತದೆ.

ಅಮೆರಿಕದ ರಿವಾಲ್ವರಿನಿಂದ ತಿಳಿಯುವ ಪಾಠ

ಗಿಡ್ಡ ತೋಟೆ, ಉದ್ದ ತೋಟೆಯ ಪ್ರಶ್ನೆಗೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ ಅಮೆರಿಕದ ಮ್ಯಾಗ್ನಮ್ ರಿವಾಲ್ವರ್. ನಮ್ಮ ಸದಸ್ಯರಲ್ಲಿ ಯಾರ ಮನೆಯಲ್ಲೂ ಅದು ಇರಲಾರದು. ಆದರೂ ಅದರ ಕಥೆ ತಿಳಿದರೆ ನಮ್ಮ 12 ಬೋರಿನ ಅಪಾಯ ಚೆನ್ನಾಗಿ ಅರ್ಥವಾಗುತ್ತದೆ.

19ನೇ ಶತಮಾನದ ಕೊನೆಯಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪೆನಿ .38 ಸ್ಪೆಶಲ್ ಎಂಬ ತೋಟೆಯನ್ನು ತಂದಿತು. ಅಮೆರಿಕದ ಪೊಲೀಸರು ಬಹುಕಾಲ ಬಳಸಿದ್ದು ಇದನ್ನೇ. 1935ರಲ್ಲಿ ಅದೇ ಕಂಪೆನಿ ಅದಕ್ಕಿಂತ ಬಹಳ ಬಲವಾದ .357 ಮ್ಯಾಗ್ನಮ್ ತಂದಿತು. ಹೆಸರಿನಲ್ಲಿ 38, 357 ಎಂದು ಬೇರೆ ಬೇರೆ ಅಂಕಿ ಇದ್ದರೂ ಎರಡರ ಗುಂಡಿನ ಅಡ್ಡಳತೆ ಒಂದೇ, ಇಂಚಿನ .357 ಭಾಗ. 38 ಎಂಬುದು ಹಿತ್ತಾಳೆ ಕವಚದ ಹೊರ ಅಳತೆಯಿಂದ ಬಂದ ಹೆಸರು.

ಈಗ ಬಲದ ಲೆಕ್ಕ ನೋಡಿ. ಅಮೆರಿಕದ ತಯಾರಕರ ಮಾನದಂಡದಂತೆ .38 ಸ್ಪೆಶಲಿನ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್. .357 ಮ್ಯಾಗ್ನಮಿನದು 35,000 ಪೌಂಡ್. ಎರಡು ಪಟ್ಟಿಗೂ ಹೆಚ್ಚು. ಹಳೆಯ .38 ರಿವಾಲ್ವರಿಗೆ ಯಾರಾದರೂ ತಿಳಿಯದೆ ಮ್ಯಾಗ್ನಮ್ ತೋಟೆ ತುಂಬಿದರೆ ಗತಿಯೇನು? ಅದಕ್ಕೇ ತಯಾರಕರು ಮ್ಯಾಗ್ನಮಿನ ಕವಚವನ್ನು ಬೇಕೆಂದೇ ಉದ್ದ ಮಾಡಿದರು. .38 ರ ಕವಚ 29.3 ಮಿ.ಮೀ. ಇದ್ದರೆ .357 ರದ್ದು 32.8 ಮಿ.ಮೀ. ಸುಮಾರು ಮೂರೂವರೆ ಮಿಲಿಮೀಟರ್ ವ್ಯತ್ಯಾಸ, ಅಷ್ಟೇ. ಆದರೆ ಅಷ್ಟೇ ಸಾಕು. ರಿವಾಲ್ವರಿನ ಚೇಂಬರಿನ ಮುಂದೆ ಒಂದು ಮೆಟ್ಟಿಲಿರುತ್ತದೆ. ಉದ್ದ ತೋಟೆ ಅಲ್ಲಿಗೆ ತಾಗಿ ನಿಂತುಬಿಡುತ್ತದೆ, ಪೂರ್ತಿ ಒಳಗೆ ಹೋಗುವುದಿಲ್ಲ, ಸಿಲಿಂಡರ್ ಮುಚ್ಚುವುದಿಲ್ಲ. 1907ರ .44 ಸ್ಪೆಶಲ್ ಮತ್ತು 1955ರ .44 ಮ್ಯಾಗ್ನಮ್ ನಡುವೆಯೂ ಇದೇ ಉಪಾಯ.

ತಿರುಗಿಸಿ ನೋಡಿದರೆ ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಹಾರಿಸಲು ಯಾವ ತಡೆಯೂ ಇಲ್ಲ. ಅಲ್ಲಿನವರು ಅಭ್ಯಾಸಕ್ಕೆ ಹೆಚ್ಚಾಗಿ ಅದನ್ನೇ ಹಾರಿಸುತ್ತಾರೆ. ಒದೆತ ಕಡಿಮೆ, ಸದ್ದು ಕಡಿಮೆ, ಖರ್ಚೂ ಕಡಿಮೆ, ಆಯುಧದ ಸವೆತವೂ ಕಡಿಮೆ.

ನಮ್ಮ 12 ಬೋರಿನಲ್ಲಿ ಆ ತಡೆ ಇಲ್ಲ

ರಿವಾಲ್ವರ್ ತಯಾರಿಸಿದವರು ತಪ್ಪಾಗದಂತೆ ಬಾಗಿಲು ಹಾಕಿಟ್ಟರು. 12 ಬೋರಿನಲ್ಲಿ ಆ ಬಾಗಿಲೇ ಇಲ್ಲ. ಮಡಚಿದ ಬಾಯಿಯ ಕಾರಣ ಉದ್ದ ತೋಟೆಯೂ ಗಿಡ್ಡ ಚೇಂಬರಿಗೆ ಹೋಗುತ್ತದೆ. ಇಲ್ಲಿ ತಡೆಯಾಗಿ ನಿಲ್ಲಬೇಕಾದವರು ತೋಟೆ ತುಂಬುವವರೇ. ಓದಿ ನೋಡುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಆದುದರಿಂದ ಕೋವಿ ಇರುವ ಸದಸ್ಯರು ಈ ಕೆಲಸವನ್ನು ಮಾಡಿ. ಕೋವಿ ಖಾಲಿ ಇರುವುದನ್ನು ಖಚಿತ ಮಾಡಿಕೊಂಡು, ಮುಂದಿನ ಮರದ ಹಿಡಿ ಕಳಚಿ, ನಳಿಗೆಯನ್ನು ಬೇರ್ಪಡಿಸಿ ತಿರುಗಿಸಿ ನೋಡಿ. ಚೇಂಬರಿನ ಕೆಳಗಿನ ಚಪ್ಪಟೆ ಭಾಗದಲ್ಲಿ ಪರೀಕ್ಷೆಯ ಮುದ್ರೆಗಳಿರುತ್ತವೆ. ಅಲ್ಲಿ 2½ ಅಥವಾ 65 ಎಂದಿದ್ದರೆ 65 ರ ತೋಟೆ ಮಾತ್ರ. 2¾ ಅಥವಾ 70 ಎಂದಿದ್ದರೆ 70 ರವರೆಗೆ. 3 ಅಥವಾ 76 ಎಂದಿದ್ದರೆ ಮೂರೂ ಆದೀತು. ಮುದ್ರೆ ಸವೆದು ಹೋಗಿದ್ದರೆ, ಇಲ್ಲದಿದ್ದರೆ, ಲೈಸೆನ್ಸ್ ಇರುವ ಕೋವಿ ರಿಪೇರಿಯವರಲ್ಲಿ ಅಳತೆ ಕಡ್ಡಿ ಹಾಕಿಸಿ ಚೇಂಬರ್ ಅಳೆಸಿ. ಅಳೆಸುವ ತನಕ ಹಾರಿಸಬೇಡಿ. ಸುರುಳಿ ಸುರುಳಿ ಗೆರೆಗಳ ಹಳೇ ನಳಿಗೆಯಾದರೆ ಅದು ಇಂದಿನ ಹೊಗೆರಹಿತ ಮದ್ದಿಗೆ ತಕ್ಕುದೇ ಎಂಬುದನ್ನೂ ಅವರಲ್ಲೇ ವಿಚಾರಿಸಬೇಕು.

ತಿಳಿದ ಅಂಕಿಯನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೋವಿ ಇಡುವ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿ. ತೋಟೆ ತರಲು ಹೋಗುವಾಗ ಅದೇ ಅಂಕಿಯನ್ನು ಬರೆದುಕೊಂಡು ಹೋಗಿ. ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯ ತೋಟೆಯಿರಲಿ, ವಿದೇಶದಿಂದ ಬಂದದ್ದಿರಲಿ, ಉದ್ದ ಎಷ್ಟೆಂದು ಡಬ್ಬದ ಮೇಲೆ ನೋಡದೆ ಹಣ ಕೊಡಬೇಡಿ.

ಇನ್ನೊಂದು ಎಚ್ಚರಿಕೆ. ಗಿಡ್ಡ ತೋಟೆ ನಡೆಯುತ್ತದೆ ಎಂದರೆ ಸಪೂರ ತೋಟೆ ನಡೆಯುತ್ತದೆ ಎಂದಲ್ಲ. 20 ಬೋರಿನ ತೋಟೆಯನ್ನು 12 ಬೋರಿಗೆ ಹಾಕಿದರೆ ಅದು ಚೇಂಬರ್ ದಾಟಿ ಜಾರಿ ನಳಿಗೆಯ ಒಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಎಂದೇ ತೋರಬಹುದು. ಅದರ ಹಿಂದೆ 12 ರ ತೋಟೆ ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ, ಅದನ್ನು ಹಿಡಿದ ಎಡಗೈ ಹೋಗುತ್ತದೆ. ಈ ಗೊಂದಲ ಬೇಡವೆಂದೇ 20 ಬೋರಿನ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿದೆ. ಎರಡು ಬೋರಿನ ಕೋವಿ ಇರುವ ಮನೆಯಲ್ಲಿ ತೋಟೆಗಳನ್ನು ಒಂದೇ ಚೀಲದಲ್ಲಿ ಹಾಕಲೇಬೇಡಿ.

ಹಗುರ ತೋಟೆ ಎಲ್ಲಿಗೆ ಸರಿ, ಎಲ್ಲಿಗೆ ಅಲ್ಲ

ಅರುವತ್ತು ದಾಟಿದವರಿಗೆ 12 ಬೋರಿನ ಒದೆತ ಭುಜಕ್ಕೆ ಹೇಗೆ ತಾಗುತ್ತದೆಂದು ಹೇಳಬೇಕಾಗಿಲ್ಲ. ಹಾಗಾಗಿ ಹಗುರ ತೋಟೆ ಕೇಳುವವರು ಹೆಚ್ಚು. ಅಭ್ಯಾಸಕ್ಕೆ ಅದು ಒಳ್ಳೆಯದೇ. ಒಲಿಂಪಿಕ್ ಟ್ರ್ಯಾಪ್ ಸ್ಪರ್ಧೆಯಲ್ಲೂ ಬಳಸುವುದು 24 ಗ್ರಾಂ ಚರೆಯ ಹಗುರ ತೋಟೆಯನ್ನೇ.

ಆದರೆ ಹಂದಿಯ ವಿಷಯ ಬೇರೆ. 2022ರಲ್ಲಿ ಕೇರಳ ಸರಕಾರ ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ನೀಡಿತು. ಪಂಚಾಯತಿನ ಪಟ್ಟಿಯಲ್ಲಿರುವ ಲೈಸೆನ್ಸ್‌ದಾರರು ಆ ಅನುಮತಿಯಂತೆ ಹಾರಿಸಬಹುದು. ವಿಷ, ಸ್ಫೋಟಕ, ವಿದ್ಯುತ್ ತಂತಿ ಇವೆಲ್ಲ ನಿಷಿದ್ಧ. ಪಟ್ಟಿಯಲ್ಲಿ ಹೆಸರಿರುವ ನಮ್ಮ ಸದಸ್ಯರು ನೆನಪಿಡಬೇಕಾದದ್ದು ಇಷ್ಟು: ಅಭ್ಯಾಸದ ಸಣ್ಣ ಚರೆಯ ಹಗುರ ತೋಟೆ ಹಂದಿಯನ್ನು ಕೊಲ್ಲುವುದಿಲ್ಲ, ಗಾಯಗೊಳಿಸುತ್ತದೆ. ಗಾಯಗೊಂಡ ಹಂದಿ ಮರುದಿನ ಬೆಳಿಗ್ಗೆ ಹುಲ್ಲಿಗೆ ಹೋದ ಹೆಂಗಸರ ಮೇಲೋ ಶಾಲೆಗೆ ಹೊರಟ ಮಕ್ಕಳ ಮೇಲೋ ಎರಗಿದರೆ ಹೊಣೆ ಯಾರದು? ಕೋವಿಗೆ ಸಲ್ಲುವ ಉದ್ದದೊಳಗೇ ಆ ಕೆಲಸಕ್ಕೆ ತಕ್ಕ ತೋಟೆಯನ್ನು ಆರಿಸಬೇಕು. ಬಲ ಸಾಲದೆಂದು ಉದ್ದ ತೋಟೆಗೆ ಹೋಗುವಂತಿಲ್ಲ.

ಹಳೇ ತೋಟೆ, ಅದರಲ್ಲೂ ಕಾಗದದ ಕವಚದ್ದು, ನಮ್ಮ ಮಳೆಗಾಲದಲ್ಲಿ ಉಬ್ಬುತ್ತದೆ, ಮದ್ದು ತಣಿಯುತ್ತದೆ. ಹಾರಿಸಿದಾಗ ಎಂದಿನ ಸದ್ದು ಬಾರದೆ ಠುಸ್ ಎಂದರೆ ಅಲ್ಲಿಗೇ ನಿಲ್ಲಿಸಿ. ಕೋವಿಯ ಬಾಯಿಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಬಿಚ್ಚಿ, ತೋಟೆ ತೆಗೆದು, ನಳಿಗೆಯಲ್ಲಿ ಹಿಂದಿನಿಂದ ಬೆಳಕು ಕಾಣುತ್ತದೆಯೇ ನೋಡಿ. ಬೆಣೆ ಅರ್ಧದಲ್ಲಿ ಸಿಕ್ಕಿದ್ದರೆ ಮುಂದಿನ ಹೊಡೆತಕ್ಕೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ.

ಮಸಿಯ ಉಂಗುರ

ಈಗ ಶುಚಿಯ ವಿಷಯಕ್ಕೆ ಬರೋಣ. ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಹಾರಿಸಿದಾಗ ಗಿಡ್ಡ ಕವಚದ ಮುಂದೆ ಆ ಮೂರೂವರೆ ಮಿಲಿಮೀಟರ್ ಜಾಗ ಬತ್ತಲಾಗಿ ಉಳಿಯುತ್ತದೆ. ಮಸಿ, ಸೀಸದ ಪುಡಿ, ಗುಂಡಿಗೆ ಹಚ್ಚಿದ ಮೇಣ ಎಲ್ಲ ಅಲ್ಲೇ ಸುಟ್ಟು ಅಂಟುತ್ತವೆ. ಐವತ್ತು ನೂರು ಹೊಡೆತಕ್ಕೆ ಅದು ಗಟ್ಟಿ ಉಂಗುರವಾಗುತ್ತದೆ. ಬಳಿಕ ಉದ್ದದ ಮ್ಯಾಗ್ನಮ್ ತೋಟೆ ಹಾಕಲು ಹೋದರೆ ಅದು ಉಂಗುರಕ್ಕೆ ತಾಗಿ ನಿಲ್ಲುತ್ತದೆ. ಒತ್ತಿ ತುರುಕಿದರೆ ಕವಚದ ಬಾಯಿ ಬಿಗಿದು ಗುಂಡು ಬಿಡುವಾಗ ಒತ್ತಡ ಏರಬಹುದು, ಖಾಲಿ ಕವಚ ಹೊರಗೆ ಬರುವುದಿಲ್ಲ. ಅರೆ ಉರಿದ ಮದ್ದಿನ ಕಾಳು ಕವಚ ತಳ್ಳುವ ನಕ್ಷತ್ರಾಕಾರದ ತಟ್ಟೆಯ ಅಡಿಗೆ ಸೇರಿದರೆ ಸಿಲಿಂಡರೇ ತಿರುಗದೆ ಬಿಗಿಯುತ್ತದೆ. ಬಲವಾದ ತೋಟೆಯನ್ನು ನಾಲ್ಕು ಹಾರಿಸಿದರೆ ಸೀಸವೆಲ್ಲ ತಾನೇ ಹೋಗುತ್ತದೆ ಎಂಬ ನಂಬಿಕೆ ಅಲ್ಲಿಯೂ ಉಂಟು. ಅದು ಒಳ್ಳೆಯದಲ್ಲ. ಕಸ ಕಟ್ಟಿದ ದಾರಿಯಲ್ಲಿ ಹೆಚ್ಚು ಒತ್ತಡ ಹಾಯಿಸಿದಂತೆ.

70 ರ ಚೇಂಬರಿನಲ್ಲಿ 65 ರ ತೋಟೆ ಹಾರಿಸಿದಾಗಲೂ ಇದೇ ಆಗುತ್ತದೆ. ಕೊನೆಯ 5 ಮಿ.ಮೀ. ಜಾಗದಲ್ಲಿ ಮಸಿಯೂ ಪ್ಲಾಸ್ಟಿಕ್ ಬೆಣೆಯ ಸವಕಲೂ ಸೇರಿ ಉಂಗುರ ಕಟ್ಟುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಆ ಉಂಗುರದ ಅಡಿಯಲ್ಲೇ ತುಕ್ಕು ಶುರು. ಮುಂದೆ 70 ರ ತೋಟೆ ಹಾರಿಸಿದರೆ ಬಿಚ್ಚಿದ ಬಾಯಿ ಅಲ್ಲಿ ಕಚ್ಚಿ ಕೋವಿ ತೆರೆಯುವುದೇ ಕಷ್ಟ.

ನಳಿಗೆಯನ್ನು ಫಳಫಳ ಹೊಳೆಯುವಂತೆ ಉಜ್ಜುವವರೂ ಈ ಉಂಗುರವನ್ನು ಬಿಡುತ್ತಾರೆ. ಕಾರಣ ಸರಳ. 12 ಬೋರಿನ ನಳಿಗೆಯ ಅಗಲ 18.5 ಮಿ.ಮೀ., ಚೇಂಬರಿನ ಅಗಲ 20 ಮಿ.ಮೀ.ಗೂ ಹೆಚ್ಚು. ನಳಿಗೆಗೆ ಬಿಗಿಯಾಗುವ ಬ್ರಷ್ ಚೇಂಬರಿನಲ್ಲಿ ಗೋಡೆ ಮುಟ್ಟದೆ ಹಾದುಹೋಗುತ್ತದೆ. ಆದುದರಿಂದ ಚೇಂಬರಿಗೆ ಪ್ರತ್ಯೇಕ ಬ್ರಷ್ ಬೇಕು. 10 ಬೋರಿನ ಬ್ರಷ್ ಸಿಕ್ಕಿದರೆ ಸರಿ. ಇಲ್ಲವಾದರೆ ಸವೆದ 12 ರ ಬ್ರಷ್ಷಿಗೆ ಬಟ್ಟೆ ಸುತ್ತಿ ಬಿಗಿ ಮಾಡಿಕೊಳ್ಳಿ.

ಶುಚಿ ಮಾಡುವ ಕ್ರಮ

1. ಕೋವಿ ಖಾಲಿ ಇದೆಯೇ ನೋಡಿ, ಕಣ್ಣಿನಿಂದಲೂ ಬೆರಳಿನಿಂದಲೂ. ತೋಟೆಗಳನ್ನು ಬೇರೆ ಕೋಣೆಯಲ್ಲಿಡಿ. ಅಡುಗೆಮನೆ, ಊಟದ ಜಗಲಿ ಬೇಡ. ಮಕ್ಕಳನ್ನು ದೂರವಿಡಿ. ಗಾಳಿಯಾಡುವ ಜಾಗ ಇರಲಿ.

2. ನಳಿಗೆ ಬೇರ್ಪಡಿಸಿ. ಕೆಲಸವನ್ನು ಯಾವಾಗಲೂ ಚೇಂಬರಿನ ಕಡೆಯಿಂದ ಬಾಯಿಯ ಕಡೆಗೆ ಮಾಡಿ. ಕಸ ಕೀಲಿನೊಳಗೆ ಬೀಳದಿರಲು ಇದು ಮುಖ್ಯ.

3. ಹಳೇ ಪಂಚೆಯ ತುಂಡನ್ನು ಕೋವಿ ಶುಚಿ ಮಾಡುವ ದ್ರಾವಣದಲ್ಲಿ ಅದ್ದಿ ಒಮ್ಮೆ ಹಾಯಿಸಿ, ಹತ್ತು ನಿಮಿಷ ಬಿಡಿ. ದ್ರಾವಣ ಇಲ್ಲದ ಕಡೆ ಸೀಮೆಎಣ್ಣೆಯಾದೀತು, ಆದರೆ ಅದು ತುಕ್ಕು ತಡೆಯುವುದಿಲ್ಲ, ಪೂರ್ತಿ ಒರೆಸಿ ತೆಗೆಯಬೇಕು. ಬೆಂಕಿ, ಬೀಡಿ ಹತ್ತಿರ ಬರಬಾರದು.

4. ಕಂಚಿನ ಬ್ರಷ್ಷಿನಿಂದ ನಳಿಗೆ ಉಜ್ಜಿ. ಆಮೇಲೆ ಚೇಂಬರಿನ ಬ್ರಷ್ ಹಾಕಿ, ಇಳಿಜಾರು ಶುರುವಾಗುವಲ್ಲಿ ತಿರುಗಿಸಿ ತಿರುಗಿಸಿ ಉಜ್ಜಿ. ಉಂಗುರ ಇರುವುದು ಅಲ್ಲೇ. ಮರಳು ಕಾಗದ, ಉಕ್ಕಿನ ಬ್ರಷ್ ಖಂಡಿತ ಬೇಡ. ಒಮ್ಮೆ ಗೀರು ಬಿದ್ದರೆ ಮತ್ತೆ ಅಲ್ಲೇ ಮಸಿ ಕೂರುತ್ತದೆ.

5. ಒಣ ಬಟ್ಟೆ ಹಾಯಿಸುತ್ತಾ ಹೋಗಿ. ಬಟ್ಟೆ ಬಿಳಿಯಾಗಿ ಹೊರಬರುವ ತನಕ. ನಳಿಗೆಯನ್ನು ಬೆಳಕಿಗೆ ಹಿಡಿದು ಚೇಂಬರಿನ ತುದಿ ನೋಡಿ. ಕಪ್ಪು ಬಳೆಯಂತೆ ಕಂಡರೆ ಮತ್ತೆ 3ನೇ ಕ್ರಮಕ್ಕೆ ಹೋಗಿ.

6. ತೋಟೆಯ ಅಂಚು ಹಿಡಿದು ಎಳೆಯುವ ತುಂಡು, ಅದು ಕೂರುವ ಗಾಡಿ, ಕೀಲು ಇವುಗಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಶುಚಿ ಮಾಡಿ.

7. ತೆಳ್ಳಗಿನ ಕೋವಿ ಎಣ್ಣೆಯನ್ನು ಬಟ್ಟೆಗೆ ಹಾಕಿ ಒಳಗೂ ಹೊರಗೂ ಸವರಿ. ಅದಿಲ್ಲದಿದ್ದರೆ ಹೊಲಿಗೆ ಮೆಷಿನಿನ ಎಣ್ಣೆ ನಡೆಯುತ್ತದೆ. ತೆಂಗಿನೆಣ್ಣೆ ಬೇಡ. ಅದು ಕಾಲಕ್ರಮೇಣ ಅಂಟಾಗುತ್ತದೆ, 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ನೀಲಗಿರಿ, ವಯನಾಡಿನ ಚಳಿಯಲ್ಲಿ ಕೀಲು ಹಿಡಿದುಕೊಂಡೀತು.

8. ಮೊದಲ ರಾತ್ರಿ ಬಾಯಿ ಕೆಳಗೆ ಮಾಡಿ ಬಟ್ಟೆಯ ಮೇಲೆ ನಿಲ್ಲಿಸಿ. ಹೆಚ್ಚಿನ ಎಣ್ಣೆ ಮರಕ್ಕೆ ಇಳಿಯದೆ ಹೊರಗೆ ಬರುತ್ತದೆ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ.

9. ಕೈಗಳನ್ನು ಸಾಬೂನು ಹಾಕಿ ತೊಳೆದ ಮೇಲೆಯೇ ಊಟ, ಎಲೆ ಅಡಿಕೆ. ಮಸಿಯಲ್ಲಿ ಸೀಸ ಇರುತ್ತದೆ, ಮಕ್ಕಳಿಗಂತೂ ಅದು ವಿಷ. ಒರೆಸಿದ ಬಟ್ಟೆಯನ್ನು ಒಲೆಗೆ ಹಾಕಬೇಡಿ.

ಮುಂದಿನ ಸಲ ಹಾರಿಸುವ ಮೊದಲು ಒಣ ಬಟ್ಟೆ ಹಾಯಿಸಿ ಎಣ್ಣೆ ತೆಗೆಯಬೇಕು. ಚೇಂಬರಂತೂ ಪೂರ್ತಿ ಒಣಗಿರಬೇಕು. ನಳಿಗೆಯೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿಲ್ಲವೆಂದು ನೋಡಿಯೇ ತೋಟೆ ಹಾಕಿ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಅದಕ್ಕೆ ಒಂದು ವಾರ ಸಾಕು.

ಕೇಪಿನ ಕೋವಿ ಇದ್ದವರಿಗೆ

ಕಪ್ಪು ಮದ್ದಿನ ಕೋವಿಗೆ ಮೇಲಿನ ಕ್ರಮ ಸಾಲದು. ಕಪ್ಪು ಮದ್ದು ಉರಿದ ಬಳಿಕ ಉಳಿಯುವ ಪುಡಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಮೇಲೆ ಎಣ್ಣೆ ಹಚ್ಚಿದರೆ ಒಳಗೆ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಆದುದರಿಂದ ಮೊದಲು ಬಿಸಿನೀರು ಮತ್ತು ಸ್ವಲ್ಪ ಸಾಬೂನಿನಿಂದ ತೊಳೆದು, ಬರಿಯ ಬಿಸಿನೀರಿನಲ್ಲಿ ಜಾಲಿಸಿ, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ. ಇದನ್ನು ಹಾರಿಸಿದ ದಿನವೇ ಮಾಡಬೇಕು. ಬಹಳ ಹಳೆಯ ದಾಸ್ತಾನಿನ ತೋಟೆಗಳ ಕೇಪಿನಲ್ಲೂ ಇಂಥದೇ ಉಪ್ಪು ಉಳಿಯುವುದುಂಟು. ಅಂಥವನ್ನು ಹಾರಿಸಿದ್ದರೆ ಅದಕ್ಕೂ ಇದೇ ನೀರಿನ ಕ್ರಮ.

ಠಾಣೆಗೆ ಕೊಡುವ ಮುನ್ನ

ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಹೋಗುವುದು ನಮ್ಮ ಸದಸ್ಯರಿಗೆ ಹೊಸದಲ್ಲ. 2024ರ ಲೋಕಸಭಾ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆಯಾಗಿ ಮತ ಎಣಿಕೆ ಆದದ್ದು ಜೂನ್ 4ಕ್ಕೆ. ಎಂಬತ್ತು ದಿನ. ಅಷ್ಟು ದಿನ ಬೇರೆಯವರ ಕಪಾಟಿನಲ್ಲಿ, ಬೇರೆ ಕೋವಿಗಳ ನಡುವೆ, ಯಾರೂ ಎಣ್ಣೆ ಮುಟ್ಟಿಸದೆ ಅದು ನಿಲ್ಲಬೇಕು. ಕೊನೆಗೆ ಹಿಂದೆ ಸಿಗುವುದು ಮಳೆ ಹಿಡಿಯುವ ಹೊತ್ತಿಗೆ. ಉಂಗುರ ಸಮೇತ ಒಪ್ಪಿಸಿದ ಕೋವಿ ಮರಳುವಾಗ ಅದರ ಅಡಿಯಲ್ಲಿ ಗುಳಿ ಬಿದ್ದಿರುತ್ತದೆ. ಚೇಂಬರಿನ ಗುಳಿಯನ್ನು ತುಂಬಿಸಲು ಬರುವುದಿಲ್ಲ.

ಆದುದರಿಂದ ಒಪ್ಪಿಸುವ ಹಿಂದಿನ ದಿನ ಪೂರ್ತಿ ಶುಚಿ ಮಾಡಿ, ಎಂದಿಗಿಂತ ತುಸು ಹೆಚ್ಚು ಎಣ್ಣೆ ಸವರಿ, ಒಣ ಹತ್ತಿಬಟ್ಟೆ ಸುತ್ತಿ ಕೊಡಿ. ರಶೀದಿಯಲ್ಲಿ ಕೋವಿಯ ನಂಬರ್ ಸರಿಯಿದೆಯೇ, ಸ್ಥಿತಿಯ ಬಗ್ಗೆ ಒಂದು ಸಾಲು ಇದೆಯೇ ನೋಡಿ. ರಶೀದಿ ಯಾವ ಭಾಷೆಯಲ್ಲಿದ್ದರೂ ಅದರ ಪ್ರತಿ ತೆಗೆದಿಡಿ. ವಾಪಸು ತಂದ ದಿನವೇ ನಳಿಗೆ ಬೆಳಕಿಗೆ ಹಿಡಿದು ನೋಡಿ, ಮತ್ತೆ ಶುಚಿ ಮಾಡಿ.

ಕಾಗದಪತ್ರದ ಎರಡು ಮಾತು

2019ರ ತಿದ್ದುಪಡಿಯ ಬಳಿಕ ಸಾಮಾನ್ಯ ಲೈಸೆನ್ಸ್‌ದಾರರು ಇಟ್ಟುಕೊಳ್ಳಬಹುದಾದ ಕೋವಿ ಎರಡು ಮಾತ್ರ, ಹಿಂದೆ ಮೂರು ಇತ್ತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಐದು ವರ್ಷವೆಂದರೆ ಮರೆತುಹೋಗುವಷ್ಟು ದೀರ್ಘ, ಆದುದರಿಂದ ಮುಗಿಯುವ ತಾರೀಕನ್ನೂ ಕಪಾಟಿನ ಅದೇ ಚೀಟಿಯಲ್ಲಿ ಬರೆದಿಡಿ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಕೋವಿ ತಾನಾಗಿ ಮಗನದೋ ಮಗಳದೋ ಆಗುವುದಿಲ್ಲ. ಅದನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಟ್ಟು, ವಾರಸುದಾರರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕು. ಅಟ್ಟದ ಮೇಲೆ ಇಟ್ಟು ಸುಮ್ಮನಾದರೆ ಅದು ಅಪರಾಧ.

ಹೀಗೆ ಕೈ ಬದಲಾಗುವ ಹೊತ್ತಿನಲ್ಲೇ ಕೋವಿಯ ಚೇಂಬರಿನ ಅಳತೆಯೂ ಮರೆತುಹೋಗುವುದು. ಅಜ್ಜನಿಗೆ ತನ್ನ ಕೋವಿ 65 ರದ್ದೆಂದು ಗೊತ್ತಿತ್ತು. ಮೊಮ್ಮಗನಿಗೆ ಯಾರೂ ಹೇಳಲಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದು 70 ರದ್ದು, ಹಾಕಿ ನೋಡಿದರೆ ಸರಿಯಾಗಿ ಕೂತಿತು. ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ ಎಂದು ನಾವು ಕೇಳಿಕೊಳ್ಳುವುದು ಇದಕ್ಕಾಗಿ.

ಅಂತರ್ಜಾಲ ನೋಡದ ಹಿರಿಯ ಸದಸ್ಯರಿಗೆ ಮಕ್ಕಳು, ಮೊಮ್ಮಕ್ಕಳು ಇದನ್ನು ಮುದ್ರಿಸಿಕೊಡಬೇಕಾಗಿ, ಓದಲು ಕಣ್ಣು ಸಾಲದವರಿಗೆ ಓದಿ ಹೇಳಬೇಕಾಗಿ ವಿನಂತಿ. ನಿಮ್ಮ ಕೋವಿಯ ಮುದ್ರೆಯಾಗಲಿ ಠಾಣೆಯ ರಶೀದಿಯಾಗಲಿ ಓದಲು ತಿಳಿಯದಿದ್ದರೆ ಅದರ ಚಿತ್ರ ತೆಗೆದು ಸಂಘದ ಕಚೇರಿಗೆ ತನ್ನಿ, ಕೋವಿ ತರಬೇಡಿ. ಅಕ್ಷರ ಓದಿ ಕನ್ನಡದಲ್ಲಿ ಬರೆದುಕೊಡುವ ಕೆಲಸ ನಮ್ಮದು. ಅಳೆಯುವ ಕೆಲಸ ಮಾತ್ರ ಬಲ್ಲ ರಿಪೇರಿಯವರದ್ದು.

ಇಂತಿ,
ಸಂಘದ ಪರವಾಗಿ
ಕಾರ್ಯದರ್ಶಿ